ಶಿಶುವಿಹಾರದಲ್ಲಿ ಸುರಕ್ಷತೆಯ ಶಿಕ್ಷಣ

ವಿದ್ಯಾದಾನವು ಶ್ರೇಷ್ಠವಾದುದೆಂಬುದು ಸರ್ವವಿದಿತ. ಆದರೆ ವಿದ್ಯೆಯನ್ನು ಪಡೆಯಬೇಕಾದ ಜೀವವು ಮೊದಲು ಕ್ಷೇಮವಾಗಿರಬೇಕು. ಮೂರು ವರ್ಷದ ಕೂಸನ್ನು ಶಿಶುವಿಹಾರದ ಬಾಗಿಲಿನಲ್ಲಿ ಬಿಟ್ಟು ಹಿಂದಿರುಗುವ ತಾಯಿಯು ತನ್ನ ಸರ್ವಸ್ವವನ್ನೇ ಶಿಕ್ಷಕಿಯ ಕೈಗೆ ಒಪ್ಪಿಸಿರುತ್ತಾಳೆ. ಆ ನಂಬಿಕೆಯನ್ನು ಉಳಿಸಿಕೊಳ್ಳುವುದು ಶಾಲೆಯ ಪ್ರಥಮ ಧರ್ಮ.

ಆ ನಂಬಿಕೆಯು ಭಗ್ನವಾದರೆ ಏನಾಗುವುದೆಂಬುದನ್ನು ನಾಡು ಒಮ್ಮೆ ಕಂಡಿದೆ. 2004ನೆಯ ಇಸವಿಯ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯೊಂದರಲ್ಲಿ ಮಧ್ಯಾಹ್ನದ ಅಡುಗೆಗೆಂದು ಹೊತ್ತಿಸಿದ ಒಲೆಯ ಬೆಂಕಿ ಗರಿಯ ಮಾಡಿಗೆ ತಗುಲಿತು. ಇಕ್ಕಟ್ಟಾದ ಮೆಟ್ಟಿಲುಗಳಿಂದ ಇಳಿದು ಪಾರಾಗಲಾರದೆ 94 ಮಕ್ಕಳು ಅಸುನೀಗಿದರು. ಅಕ್ಷರ ದಾಸೋಹ ಯೋಜನೆ ಬಂದಂದಿನಿಂದ ಕರ್ನಾಟಕದ ಅಸಂಖ್ಯ ಶಾಲೆಗಳ ಅಂಗಳದಲ್ಲಿಯೂ ಒಲೆ ಉರಿಯುತ್ತಿರುವುದರಿಂದ ಈ ದುರಂತವನ್ನು ಪರನಾಡಿನ ಸಂಗತಿಯೆಂದು ಮರೆಯುವಂತಿಲ್ಲ. ಬೆಂಕಿ ಬಿದ್ದಾಗ ಬಾವಿ ತೋಡುವವರ ಸಾಲಿನಲ್ಲಿ ಶಾಲೆಗಳು ಸೇರಬಾರದು.

ಶಿಶುವಿನ ಮನಸ್ಸು

ಎಳೆಯ ಮಗುವನ್ನು ಪುಟ್ಟ ಗಾತ್ರದ ದೊಡ್ಡವರೆಂದು ಭಾವಿಸುವುದು ಸಲ್ಲದು. ಎರಡರಿಂದ ಏಳು ವರ್ಷದ ಮಕ್ಕಳು ಜಗತ್ತನ್ನು ತಮ್ಮ ದೃಷ್ಟಿಯಿಂದ ಮಾತ್ರ ಕಾಣುತ್ತಾರೆಂದು ಸ್ವಿಟ್ಜರ್‌ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ವಿವರಿಸಿದನು. ಕಣ್ಣುಮುಚ್ಚಾಲೆಯಾಡುವ ಮಗು ತನ್ನ ಕಣ್ಣನ್ನು ಮುಚ್ಚಿಕೊಂಡು, ತಾನು ಯಾರಿಗೂ ಕಾಣುತ್ತಿಲ್ಲವೆಂದು ನಂಬುವುದಿಲ್ಲವೆ? ಅದೇ ಮಗು ರಸ್ತೆಯಲ್ಲಿ, ತಾನು ಲಾರಿಯನ್ನು ಕಂಡುದರಿಂದ ಲಾರಿಯವನೂ ತನ್ನನ್ನು ಕಂಡಿದ್ದಾನೆಂದು ಎಣಿಸುತ್ತದೆ. ವಾಹನದ ವೇಗವನ್ನೂ ದೂರವನ್ನೂ ಅಳೆಯುವ ಶಕ್ತಿ ಅದಕ್ಕೆ ಇನ್ನೂ ಬಂದಿರುವುದಿಲ್ಲ. ಆದುದರಿಂದ "ಜೋಕೆ" ಎಂಬ ಒಂದು ಮಾತು ಅದಕ್ಕೆ ಏನನ್ನೂ ತಿಳಿಸುವುದಿಲ್ಲ. "ರಸ್ತೆಯ ಅಂಚಿನಲ್ಲಿ ನಿಲ್ಲು, ನನ್ನ ಕೈ ಹಿಡಿ" ಎಂಬ ಸ್ಪಷ್ಟವಾದ ಮಾತು ಅದಕ್ಕೆ ಅರ್ಥವಾಗುತ್ತದೆ.

ಗುಮ್ಮನನ್ನು ಹೇಳಿ ಹೆದರಿಸುವ ರೂಢಿಯೂ ನಿಷ್ಪ್ರಯೋಜಕವಾದುದು. ಭಯಗೊಂಡ ಮಗು ಬೆಂಕಿಯನ್ನು ಕಂಡಾಗ ಓಡಿಹೋಗುವ ಬದಲು ಮಂಚದ ಕೆಳಗೋ ಬಾಗಿಲಿನ ಮರೆಯಲ್ಲೋ ಅಡಗಿಕೊಳ್ಳುತ್ತದೆ.

ಅಭ್ಯಾಸವೇ ಪಾಠ

1907ರಲ್ಲಿ ರೋಮ್ ನಗರದಲ್ಲಿ ಮಕ್ಕಳ ಮನೆಯನ್ನು ತೆರೆದ ಮರಿಯಾ ಮಾಂಟೆಸ್ಸರಿಯವರು ಎಳೆಯರ ಕೈಗೆ ನಿಜವಾದ ಗಾಜಿನ ಲೋಟ, ಪಿಂಗಾಣಿ ತಟ್ಟೆಗಳನ್ನೇ ಕೊಡಿಸಿದರು. ಒಡೆಯುವ ವಸ್ತುವನ್ನು ನಿತ್ಯವೂ ಬಳಸಿದ ಕೈ ತಾನಾಗಿಯೇ ಎಚ್ಚರವನ್ನು ಕಲಿಯುತ್ತದೆಂಬುದು ಅವರ ನಂಬಿಕೆ. 1939ರಲ್ಲಿ ಭಾರತಕ್ಕೆ ಬಂದ ಅವರ ಈ ತತ್ತ್ವ ಸುರಕ್ಷತೆಯ ಶಿಕ್ಷಣಕ್ಕೂ ಅನ್ವಯಿಸುತ್ತದೆ. ಕಲಿಸಬೇಕಾದುದನ್ನು ಮಾಡಿಸಿಯೇ ಕಲಿಸಬೇಕು.

ಹೊಗೆಯು ಮೇಲಕ್ಕೇರುವುದರಿಂದ ಉಸಿರಾಡಬಹುದಾದ ಗಾಳಿ ನೆಲದ ಸಮೀಪದಲ್ಲಿ ಉಳಿದಿರುತ್ತದೆ. ಇದನ್ನು ಬೋಧಿಸುವುದಕ್ಕಿಂತ, ನಾಲ್ವರು ಒಂದು ಹೊದಿಕೆಯನ್ನು ಹೊಗೆಯಂತೆ ಎತ್ತಿ ಹಿಡಿದು, ಅದರ ಕೆಳಗೆ ಮಕ್ಕಳನ್ನು ಅಂಬೆಗಾಲಿನಲ್ಲಿ ಬಾಗಿಲಿನವರೆಗೆ ಸಾಗಿಸಿದರೆ ಸಾಕು. ಉಡುಪಿಗೆ ಕಿಡಿ ತಗುಲಿದರೆ ಓಡದೆ ನಿಲ್ಲುವುದು, ನೆಲಕ್ಕೆ ಬೀಳುವುದು, ಉರುಳುವುದು—ಇವೂ ಮಕ್ಕಳಿಗೆ ಆಟವೇ. ಗಂಟೆಯ ನಿರ್ದಿಷ್ಟ ನಾದಕ್ಕೆ ಪಾಟಿ ಚೀಲಗಳನ್ನು ಅಲ್ಲಿಯೇ ಬಿಟ್ಟು, ಸಾಲಾಗಿ ಅಂಗಳದ ಮರದಡಿ ಸೇರುವುದನ್ನು ಆಗಾಗ ಅಭ್ಯಾಸ ಮಾಡಿಸಬೇಕು. ಮರದಡಿ ಹಾಜರಿ ಕರೆಯುವುದು ಶಿಕ್ಷಕಿಯ ಹೊಣೆ.

ಶಿಕ್ಷಕಿಯರಿಗೂ ಪ್ರಥಮ ಚಿಕಿತ್ಸೆಯ ತಿಳಿವಳಿಕೆ ಅತ್ಯವಶ್ಯ. ಸುಟ್ಟ ಗಾಯಕ್ಕೆ ಶಾಯಿಯನ್ನಾಗಲಿ ಬೆಣ್ಣೆಯನ್ನಾಗಲಿ ಸವರದೆ, ಸುಮಾರು 20 ನಿಮಿಷ ಹರಿಯುವ ತಣ್ಣೀರನ್ನು ಬಿಡಬೇಕು. ಸೀಮೆಎಣ್ಣೆ ಕುಡಿದ ಮಗುವಿಗೆ ವಾಂತಿ ಮಾಡಿಸಕೂಡದು. ಅದನ್ನು ಒಡನೆಯೇ ಆಸ್ಪತ್ರೆಗೆ ಒಯ್ಯಬೇಕು. ಇಡೀ ಶೇಂಗಾ ಕಾಳು, ಗುಂಡಿ, ನಾಣ್ಯಗಳು ಎಳೆಯರ ಗಂಟಲಿಗೆ ಅಪಾಯಕರ. ಅಂಗೈ ಆಳದ ನೀರೂ ಪುಟ್ಟ ಮಗುವಿಗೆ ಮೃತ್ಯುಕೂಪವಾಗಬಲ್ಲುದು. ಮುಳುಗುವ ಮಗು ಬಹುಮಟ್ಟಿಗೆ ಕೂಗುವುದೂ ಇಲ್ಲ.

ವಿಧೇಯತೆಯ ಮಿತಿ

ಹಿರಿಯರ ಮಾತನ್ನು ಮೀರಬಾರದೆಂದು ಕಲಿಸುವುದು ನಮ್ಮ ಸಂಸ್ಕೃತಿ. ಆದರೆ ಮಗುವಿನ ಮೈಮುಟ್ಟಿ, "ಯಾರಿಗೂ ಹೇಳಬೇಡ" ಎನ್ನುವವನೂ ಅನೇಕ ವೇಳೆ ಪರಿಚಿತನಾದ ಹಿರಿಯನೇ ಆಗಿರುತ್ತಾನೆ. ಅಂಥವನ ಎದುರಿಗೆ "ಬೇಡ" ಎನ್ನುವ, ಅಲ್ಲಿಂದ ಓಡಿಬರುವ, ತಾಯಿಗೋ ಶಿಕ್ಷಕಿಗೋ ಹೇಳುವ ಧೈರ್ಯವನ್ನು ಮಗುವಿಗೆ ಕೊಡದೆ ಹೋದರೆ, ನಾವು ಕಲಿಸಿದ ವಿಧೇಯತೆಯೇ ಅದರ ಬಾಯಿಗೆ ಬೀಗವಾಗುತ್ತದೆ. ದೇಹದ ಅಂಗಗಳ ಹೆಸರನ್ನು ನಾಚಿಕೆಯಿಲ್ಲದೆ ಕಲಿಸುವುದು ಇದಕ್ಕೆ ಮೊದಲ ಮೆಟ್ಟಿಲು. ಮಗು ಹೇಳಿದುದನ್ನು ಗದರದೆ ಕೇಳುವುದು ಎರಡನೆಯದು. 2012ರ ಪೋಕ್ಸೋ ಕಾಯಿದೆಯ ಪ್ರಕಾರ ಇಂತಹ ಅಪರಾಧವನ್ನು ತಿಳಿದೂ ವರದಿ ಮಾಡದಿರುವುದು ಶಿಕ್ಷಾರ್ಹ. ಸಂಸ್ಥೆಯ ಗೌರವದ ನೆಪವೊಡ್ಡಿ ಮೌನ ವಹಿಸಲು ಅವಕಾಶವಿಲ್ಲ. ಮಕ್ಕಳ ಸಹಾಯವಾಣಿಯ ಸಂಖ್ಯೆ 1098, ತುರ್ತು ನೆರವಿನ ಸಂಖ್ಯೆ 112. ಇವೆರಡೂ ಪ್ರತಿ ಶಾಲೆಯ ಗೋಡೆಯ ಮೇಲೆ ಇರತಕ್ಕವು.

ಹಿರಿಯರ ಹೊಣೆ

ಇಷ್ಟೆಲ್ಲ ಕಲಿಸಿದ ಮಾತ್ರಕ್ಕೆ ಹಿರಿಯರ ಭಾರವು ಕಳೆಯಿತೆಂದು ಭಾವಿಸಲಾಗದು. ನಾಲ್ಕು ವರ್ಷದ ಮಗು ಇಂದು ಕಲಿತುದನ್ನು ನಾಳೆ ಚೆಂಡಿನ ಹಿಂದೆ ಓಡುವಾಗ ಮರೆಯುತ್ತದೆ. ಮರೆಯುವುದು ಅದರ ವಯೋಧರ್ಮ, ಮರೆಯದಿರುವುದು ಹಿರಿಯರ ಧರ್ಮ. ಶಿಕ್ಷಣದ ಹಕ್ಕಿನಲ್ಲಿ ಸುರಕ್ಷಿತ ಶಾಲೆಯ ಹಕ್ಕೂ ಅಡಗಿದೆಯೆಂದು ಕುಂಭಕೋಣದ ದುರಂತದ ತರುವಾಯ ಹೂಡಲಾದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ ತೀರ್ಪಿತ್ತು, ಶಾಲೆಗಳಲ್ಲಿ ಅಗ್ನಿಶಾಮಕ ಸಾಧನಗಳಿರಬೇಕೆಂದು ಆದೇಶಿಸಿತು.

ದಾನಿಗಳ ಔದಾರ್ಯದಿಂದ ಸಭಾಭವನಗಳೂ ಮಹಾದ್ವಾರಗಳೂ ಏಳುತ್ತವೆ, ಅವು ಶಾಲೆಗೆ ಶೋಭೆ. ಆದರೆ ಎರಡನೆಯದೊಂದು ಮೆಟ್ಟಿಲಸಾಲು, ನೀರಿನ ಸಂಪಿಗೆ ಬೀಗವುಳ್ಳ ಮುಚ್ಚಳ, ತರಗತಿಯಿಂದ ದೂರದಲ್ಲಿ ಹಂಚಿನ ಮಾಡಿನ ಅಡುಗೆಮನೆ—ಇಂತಹ ದಾನಕ್ಕೆ ಶಿಲಾಫಲಕದ ಮೆರುಗು ದೊರೆಯದಿರಬಹುದು. ಸಂಜೆಯ ಗಂಟೆ ಬಾರಿಸಿದಾಗ ಬೆಳಿಗ್ಗೆ ಬಂದ ಮಕ್ಕಳೆಲ್ಲರೂ ನಗುತ್ತ ತಾಯಂದಿರ ಸೆರಗು ಹಿಡಿದು ಮನೆಗೆ ಮರಳುವುದೇ ಆ ದಾನದ ಫಲ.