ಮನೆಗೆ ಹೊಸ ವೈರ್ ಎಳೆಯುವ ಮುಂಚೆ

ಅಕ್ಕಂದಿರೇ,

ಕರೆಂಟು ನಮ್ಮ ಕೆಲಸ ಹಗುರ ಮಾಡಿದೆ. ಬಲ್ಬು, ಫ್ಯಾನು, ಮಿಕ್ಸಿ, ನೀರು ಕಾಯಿಸುವ ಕಾಯಿಲ್ಲು, ಎಲ್ಲಕ್ಕೂ ಕರೆಂಟು ಬೇಕು. ಆದರೆ ಕರೆಂಟು ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ವಾಸನೆ ಇಲ್ಲ. ಮುಟ್ಟಿದಾಗಲೇ ಗೊತ್ತಾಗುತ್ತೆ. ಆಗ ತಡವಾಗಿರುತ್ತೆ.

ಬಚ್ಚಲಿಗೆ ಒಂದು ದೀಪ ಬೇಕು ಅಂತ ಇಟ್ಟುಕೊಳ್ಳಿ. ಕೊಟ್ಟಿಗೆಗೂ ಒಂದು ದೀಪ ಬೇಕು. ಆಗ ಮನೆಯವರು ಏನಂತಾರೆ? "ಎರಡು ವೈರ್ ಜೋಡಿಸೋಕೆ ದುಡ್ಡು ಯಾಕೆ? ನಾನೇ ಎಳೀತೀನಿ" ಅಂತಾರೆ. ಎಳೀತಾರೆ. ದೀಪ ಹತ್ತುತ್ತೆ. ಎಲ್ಲರಿಗೂ ಖುಷಿ.

ಆದರೆ ದೀಪ ಹತ್ತಿದ ಮಾತ್ರಕ್ಕೆ ವೈರಿಂಗ್ ಸರಿ ಇದೆ ಅಂತ ಅಲ್ಲ. ವೈರಿನ ಸಿಪ್ಪೆ ಎಲ್ಲೋ ಸುಲಿದಿರಬಹುದು. ಅರ್ಥಿಂಗ್ ವೈರ್ ಹಾಕದೇ ಇರಬಹುದು. ಮಳೆಗಾಲದಲ್ಲಿ ಒದ್ದೆ ಗೋಡೆಗೆ ಕರೆಂಟು ಬರುತ್ತೆ. ತಗಡಿಗೆ ಬರುತ್ತೆ. ಬಟ್ಟೆ ಒಣಗಿಸುವ ತಂತಿಗೂ ಬರುತ್ತೆ. ಆ ತಂತಿ ಮುಟ್ಟುವವರು ಯಾರು? ಬಟ್ಟೆ ಒಗೆಯುವವರು ನಾವು. ನೀರು ಕಾಯಿಸುವವರು ನಾವು. ಹಾಗಾಗಿ ಇದು ಗಂಡಸರ ವಿಷಯ ಅಂತ ಬಿಡಬಾರದು.

ಕಾನೂನು ಏನು ಹೇಳುತ್ತೆ?

1956ರ ವಿದ್ಯುತ್ ನಿಯಮಗಳಲ್ಲೇ ಇದಕ್ಕೆ ಉತ್ತರ ಇತ್ತು. ಆಮೇಲೆ 2010ರಲ್ಲಿ ಹೊಸ ನಿಯಮ ಬಂತು. 2023ರಲ್ಲಿ ಮತ್ತೆ ಹೊಸ ನಿಯಮ ಬಂತು. ಮುಖ್ಯ ಮಾತು ಮಾತ್ರ ಬದಲಾಗಿಲ್ಲ.

ಹಳೆಯದನ್ನು ತೆಗೆದು ಅಂಥದ್ದನ್ನೇ ಹಾಕುವುದಕ್ಕೆ ಅಡ್ಡಿ ಇಲ್ಲ. ಸುಟ್ಟ ಬಲ್ಬು ಬದಲಿಸಬಹುದು. ಫ್ಯೂಸ್ ಬದಲಿಸಬಹುದು. ಕೆಟ್ಟ ಸ್ವಿಚ್ಚು, ಫ್ಯಾನು ಬದಲಿಸಬಹುದು. ಅದಕ್ಕೂ ಮೊದಲು ಮೇನ್ ಸ್ವಿಚ್ ಆಫ್ ಮಾಡಲೇಬೇಕು.

ಆದರೆ ಹೊಸ ವೈರ್ ಎಳೆಯುವುದು ಬೇರೆ. ಹೊಸ ಪಾಯಿಂಟ್ ಹಾಕುವುದು ಬೇರೆ. ಇದನ್ನು ಸರಕಾರದ ಪರವಾನಗಿ ಇರುವ ವಿದ್ಯುತ್ ಗುತ್ತಿಗೆದಾರರೇ ಮಾಡಿಸಬೇಕು. ಕೈಯಿಂದ ಕೆಲಸ ಮಾಡುವವನ ಹತ್ತಿರವೂ ಪರ್ಮಿಟ್ ಇರಬೇಕು. ಕೈ ಚುರುಕು ಇದ್ದರೆ ಸಾಲದು. ನಮ್ಮ ಮನೆಗೆ ನಾವೇ ವೈರಿಂಗ್ ಮಾಡಿ, ಆಮೇಲೆ ಒಪ್ಪಿಗೆ ಕೇಳುವ ದಾರಿ ನಮ್ಮ ದೇಶದ ನಿಯಮದಲ್ಲಿ ಇಲ್ಲ.

ಒಪ್ಪಿಗೆ ಸಿಗುವುದು ಹೇಗೆ?

ಮೊದಲು ಕರೆಂಟಿನ ಬಿಲ್ಲು ತೆಗೆದು ಓದಿ. ಅದರಲ್ಲಿ ಆರ್.ಆರ್. ನಂಬರ್ ಇರುತ್ತೆ. ಅದು ನಿಮ್ಮ ಮೀಟರಿನ ಗುರುತು. ಮಂಜೂರಾದ ಲೋಡ್ ಎಷ್ಟು ಅಂತಲೂ ಬರೆದಿರುತ್ತೆ. ಲೋಡ್ ಅಂದರೆ ಒಂದೇ ಸಲ ಎಷ್ಟು ಕರೆಂಟು ಬಳಸಬಹುದು ಎಂಬ ಲೆಕ್ಕ. 1000 ವ್ಯಾಟ್ ಸೇರಿದರೆ 1 ಕಿಲೋವ್ಯಾಟ್. ನೀರು ಕಾಯಿಸುವ ಒಂದು ಕಾಯಿಲ್ಲೇ 1000 ವ್ಯಾಟ್ ಅಥವಾ ಇನ್ನೂ ಹೆಚ್ಚು ಎಳೆಯುತ್ತೆ. ದೊಡ್ಡ ಸಾಮಾನು ತಂದರೆ ಲೋಡ್ ಹೆಚ್ಚಿಸಲು ಅರ್ಜಿ ಕೊಡಬೇಕು.

ಅರ್ಜಿ ಕೊಡುವುದು ಎಲ್ಲಿ? ನಿಮ್ಮ ಭಾಗದ ವಿದ್ಯುತ್ ಕಂಪನಿಯ ಕಚೇರಿಯಲ್ಲಿ. ಬೆಂಗಳೂರಿನ ಕಡೆ ಬೆಸ್ಕಾಂ. ಮಂಗಳೂರಿನ ಕಡೆ ಮೆಸ್ಕಾಂ. ಹುಬ್ಬಳ್ಳಿಯ ಕಡೆ ಹೆಸ್ಕಾಂ. ಕಲಬುರಗಿಯ ಕಡೆ ಜೆಸ್ಕಾಂ. ಮೈಸೂರಿನ ಕಡೆ ಚಾಮುಂಡೇಶ್ವರಿ ನಿಗಮ. ಕಟ್ಟಿದ ಹಣಕ್ಕೆ ರಸೀದಿ ಕೇಳಿ ಪಡೆಯಿರಿ.

ಗುತ್ತಿಗೆದಾರರು ಕೆಲಸ ಮುಗಿದ ಮೇಲೆ ಪರೀಕ್ಷೆ ಮಾಡಬೇಕು. ಅದಕ್ಕೆ ಮೆಗ್ಗರ್ ಎಂಬ ಉಪಕರಣ ಇದೆ. ವೈರಿನಿಂದ ಕರೆಂಟು ಸೋರುವ ಹಾಗಿದೆಯೇ ಅಂತ ಅದು ತೋರಿಸುತ್ತೆ. ಅರ್ಥಿಂಗ್ ಸರಿ ಇದೆಯೇ ಅಂತಲೂ ನೋಡಬೇಕು. ಆಮೇಲೆ ಪರೀಕ್ಷಾ ವರದಿ ಬರೆದು ಸಹಿ ಹಾಕಬೇಕು.

ಹೊಸ ಕನೆಕ್ಷನ್ ಆದರೂ ಸರಿ, ಹೆಚ್ಚಿನ ಲೋಡ್ ಆದರೂ ಸರಿ, ಕರೆಂಟು ಕೊಡುವ ಮುಂಚೆ ಕಂಪನಿಯವರು ತಾವೇ ಪರೀಕ್ಷೆ ಮಾಡಬಹುದು. ಇಲ್ಲವೇ ಗುತ್ತಿಗೆದಾರರು ಸಹಿ ಹಾಕಿದ ವರದಿಯನ್ನು ಒಪ್ಪಿಕೊಳ್ಳಬಹುದು. ಅಂದರೆ ಎಷ್ಟೋ ಸಲ ಆ ಒಂದು ಕಾಗದದ ಮೇಲೆಯೇ ಕರೆಂಟು ಬರುತ್ತೆ.

ಅರ್ಜಿ ಮತ್ತು ದಾಖಲೆ ಸರಿ ಇದ್ದರೆ ತಿಂಗಳುಗಟ್ಟಲೆ ಕಾಯಿಸುವ ಹಾಗಿಲ್ಲ. 2024ರಲ್ಲಿ ತಿದ್ದಿದ ನಿಯಮದಂತೆ ಹಳ್ಳಿಯಲ್ಲಿ 15 ದಿನದ ಒಳಗೆ ಕೆಲಸ ಆಗಬೇಕು. ಗುಡ್ಡಗಾಡಿನ ಹಳ್ಳಿಗೆ 30 ದಿನ. ಪುರಸಭೆ ಊರಿಗೆ 7 ದಿನ. ಮಹಾನಗರಕ್ಕೆ 3 ದಿನ.

ಸುಳ್ಳು ಸಹಿ ಜೀವ ತೆಗೆಯುತ್ತೆ

ಕೆಲವು ಕಡೆ ಹೀಗೆ ನಡೆಯುತ್ತೆ. ವೈರ್ ಎಳೆದವನು ಒಬ್ಬ. ಸಹಿ ಹಾಕಿದವನು ಇನ್ನೊಬ್ಬ. ಸಹಿ ಹಾಕಿದವನು ಮನೆ ನೋಡೇ ಇಲ್ಲ. ದುಡ್ಡು ತಗೊಂಡು ಕಾಗದ ಕೊಟ್ಟ. ಕಾಗದದಲ್ಲಿ "ಅರ್ಥಿಂಗ್ ಸರಿ ಇದೆ" ಅಂತ ಇದೆ. ಮನೆಯ ಹಿಂದೆ ಹೋಗಿ ನೋಡಿದರೆ ಅರ್ಥಿಂಗ್ ಗುಂಡಿಯೇ ಇಲ್ಲ!

ಮೂರು ಕಡ್ಡಿಯ ಪ್ಲಗ್ ನೋಡಿದ್ದೀರಲ್ಲ? ಅದರಲ್ಲಿ ದಪ್ಪ ಕಡ್ಡಿಯೇ ಅರ್ಥಿಂಗ್ ಕಡ್ಡಿ. ಮಿಕ್ಸಿಯಲ್ಲೋ ಇಸ್ತ್ರಿ ಪೆಟ್ಟಿಗೆಯಲ್ಲೋ ಕರೆಂಟು ಸೋರಿದರೆ ಅದು ಈ ದಾರಿಯಲ್ಲಿ ಭೂಮಿಗೆ ಇಳಿಯಬೇಕು. ಆ ದಾರಿ ಇಲ್ಲದಿದ್ದರೆ ನಿಮ್ಮ ಮೈಯೇ ದಾರಿ ಆಗುತ್ತೆ.

ಆದ್ದರಿಂದ ಕಾಗದ ಕೈಗೆ ಬಂದಾಗ ಸುಮ್ಮನೆ ಸಹಿ ಹಾಕಬೇಡಿ. ಒಂದೊಂದೇ ಸಾಲು ಓದಿ. ಗುತ್ತಿಗೆದಾರರ ಹೆಸರು, ಪರವಾನಗಿ ನಂಬರ್ ಇದೆಯೇ ನೋಡಿ. ಪರವಾನಗಿಯ ಅವಧಿ ಮುಗಿದಿದೆಯೇ ಕೇಳಿ. ಬಲ್ಬು, ಪ್ಲಗ್ ಎಷ್ಟು ಬರೆದಿದ್ದಾರೆ? ಮನೆಯಲ್ಲಿ ಎಣಿಸಿ ನೋಡಿ. ಇಂಗ್ಲಿಷಿನಲ್ಲಿ ಇದ್ದರೆ ಕನ್ನಡದಲ್ಲಿ ಹೇಳಿ ಅನ್ನಿ. ಕೇಳುವುದು ನಿಮ್ಮ ಹಕ್ಕು. ಒಂದು ಪ್ರತಿ ಮನೆಯಲ್ಲಿ ಇಟ್ಟುಕೊಳ್ಳಿ.

ಈಗಾಗಲೇ ಮನೆಯವರೇ ವೈರ್ ಎಳೆದಿದ್ದರೆ? ಗಾಬರಿ ಬೇಡ, ಜಗಳವೂ ಬೇಡ. ಆ ವೈರಿನ ಸ್ವಿಚ್ಚು, ಪ್ಲಗ್ ಬಳಸುವುದನ್ನು ನಿಲ್ಲಿಸಿ. ಪರವಾನಗಿ ಇರುವವರನ್ನು ಕರೆಸಿ. ಅವರು ಬಿಚ್ಚಿ ನೋಡಿ, ಬೇಕಾದ್ದನ್ನು ಹೊಸದಾಗಿ ಮಾಡಿ, ಪರೀಕ್ಷೆ ಮಾಡಲಿ. ಕರೆಂಟು ಸೋರಿದ ಕೂಡಲೇ ಲೈನ್ ನಿಲ್ಲಿಸುವ ಸಾಧನವೂ ಸಿಗುತ್ತೆ. ಮನೆಗೆ 30 ಮಿಲಿ ಆಂಪಿಯರಿನದು ಕೇಳಿ ಹಾಕಿಸಿ.

ನೆನಪಿಡಿ

* ಬಲ್ಬು, ಫ್ಯೂಸ್ ಬದಲಿಸಬಹುದು. ಹೊಸ ವೈರ್ ನಾವೇ ಎಳೆಯಬಾರದು.
* ಕಂಬದ ಲೈನಿಗೆ ಕೊಕ್ಕೆ ಹಾಕುವುದು ಕಳ್ಳತನ. 2003ರ ವಿದ್ಯುತ್ ಕಾಯ್ದೆಯಲ್ಲಿ 3 ವರ್ಷದವರೆಗೆ ಜೈಲು ಇದೆ.
* ಓದದೆ ಸಹಿ ಹಾಕಬಾರದು.
* ದೂರು ಹೇಳಲು 1912ಕ್ಕೆ ಫೋನ್ ಮಾಡಿ. ದೂರಿನ ನಂಬರ್ ಬರೆದಿಟ್ಟುಕೊಳ್ಳಿ.

ಗುಂಪಿನಲ್ಲಿ ಮಾತಾಡಿ

1. ನಿಮ್ಮ ಬಿಲ್ಲಿನಲ್ಲಿ ಆರ್.ಆರ್. ನಂಬರ್ ಎಲ್ಲಿದೆ? ಓದಿ ಹೇಳಿ.
2. ನಿಮ್ಮ ಮನೆಯ ಅರ್ಥಿಂಗ್ ಗುಂಡಿ ಎಲ್ಲಿದೆ? ನೋಡಿಕೊಂಡು ಬನ್ನಿ.
3. ನಿಮ್ಮ ಬಟ್ಟೆ ತಂತಿಯ ಹತ್ತಿರ ಕರೆಂಟಿನ ವೈರ್ ಹಾದು ಹೋಗಿದೆಯೇ?