ಮೊಡವೆ ಹೋಗಲಿ, ಮಚ್ಚೆ ಇರಲಿ

‘ಸ್ವಲ್ಪ ಟಚಪ್ ಮಾಡಿಕೊಡಿ’ ಎಂದು ಸ್ಟುಡಿಯೋದಲ್ಲಿ ಹೇಳಿ ಬಂದ ಮೇಲೆ ನಮ್ಮ ಮುಖಕ್ಕೆ ಏನಾಗುತ್ತದೆ? ಅವಸರದ ಕೆಲಸವಾದರೆ ಇಡೀ ಮುಖಕ್ಕೆ ಬ್ಲರ್ ಹೊಡೆದು ಮುಗಿಸುತ್ತಾರೆ. ಮೊಡವೆಯ ಜೊತೆಗೆ ಚರ್ಮದ ಸಣ್ಣ ರಂಧ್ರಗಳೂ ಅಳಿಸಿಹೋಗಿ ಮದುಮಗಳು ಮೇಣದ ಗೊಂಬೆಯಾಗುತ್ತಾಳೆ. ಕಲೆ ಹೋಗಬೇಕು, ಚರ್ಮ ಚರ್ಮದಂತೆಯೇ ಕಾಣಬೇಕು, ಕಷ್ಟವಿರುವುದೇ ಇಲ್ಲಿ.

ಮುಖ ತಿದ್ದುವ ಈ ಕಸುಬು ಕಂಪ್ಯೂಟರ್‌ಗಿಂತ ಹಳೆಯದು. ಫಿಲ್ಮ್ ಕಾಲದಲ್ಲಿ ನೆಗೆಟಿವ್ ಮೇಲೆಯೇ ಚೂಪಾದ ಪೆನ್ಸಿಲ್ ಆಡಿಸುತ್ತಿದ್ದರು. ಪ್ರಿಂಟ್‌ನಲ್ಲಿ ಕಪ್ಪಾಗಿ ಬೀಳುವ ಸುಕ್ಕು ನೆಗೆಟಿವ್‌ನಲ್ಲಿ ತಿಳಿಯಾಗಿರುತ್ತದೆ. ಅಲ್ಲಿ ಪೆನ್ಸಿಲ್ ಪುಡಿ ಕೂತರೆ ಬೆಳಕು ಕಡಿಮೆ ಹಾಯ್ದು, ಪ್ರಿಂಟ್‌ನಲ್ಲಿ ಸುಕ್ಕು ಮಾಸುತ್ತಿತ್ತು. ಫೋಟೊಶಾಪ್ ಬಂದದ್ದು 1990ರಲ್ಲಿ. ಇವತ್ತು ಎಲ್ಲರೂ ಬಳಸುವ ಹೀಲಿಂಗ್ ಬ್ರಷ್ ಅದಕ್ಕೆ ಸೇರಿದ್ದು 2002ರಲ್ಲಿ.

ಫೋಟೊಶಾಪ್‌ನಲ್ಲೇ ಇರುವ ಕ್ಲೋನ್ ಸ್ಟಾಂಪ್ ಎಂಬ ಸಲಕರಣೆ ಒಂದು ಜಾಗದ ಚರ್ಮವನ್ನು ಇದ್ದ ಹಾಗೆಯೇ ಎತ್ತಿ ಇನ್ನೊಂದು ಕಡೆ ಅಂಟಿಸುತ್ತದೆ. ಹೀಲಿಂಗ್ ಬ್ರಷ್ ಜಾಣ: ಚರ್ಮದ ನವಿರನ್ನಷ್ಟೇ ತಂದು, ಬಣ್ಣವನ್ನೂ ಬೆಳಕನ್ನೂ ಹೊಸ ಜಾಗದ ಸುತ್ತಮುತ್ತಲಿನಿಂದ ಹೊಂದಿಸಿಕೊಳ್ಳುತ್ತದೆ. ಈ ಜಾಣತನವೇ ಒಮ್ಮೊಮ್ಮೆ ಕೈಕೊಡುತ್ತದೆ. ಕುಂಕುಮದ ಅಂಚಿಗೆ ತಾಗಿದ ಮೊಡವೆಯ ಮೇಲೆ ಬ್ರಷ್ ಇಟ್ಟು ನೋಡಿ, ಕೆಂಪು ಹಣೆಗೆ ಹರಿದುಬಿಡುತ್ತದೆ. ಮೂಗುತಿ, ಕೂದಲಿನ ಅಂಚು, ತುಟಿಯ ಗೆರೆಯ ಬಳಿಯೂ ಇದೇ ಕಥೆ. ಅಲ್ಲೆಲ್ಲ ಚಿಕ್ಕ ಕ್ಲೋನ್ ಸ್ಟಾಂಪ್ ಸಾಕು. ಎರಡನ್ನೂ ಮೂಲ ಚಿತ್ರದ ಮೇಲಲ್ಲ, ಖಾಲಿ ಲೇಯರ್ ಮೇಲೆ ಮಾಡಿ, ಅತಿಯಾದರೆ ಅಳಿಸಬಹುದು.

ಏನನ್ನು ತೆಗೆಯಬೇಕು? ಹದಿನೈದು ದಿನದಲ್ಲಿ ತಾನಾಗಿ ಮಾಯುವಂಥದ್ದನ್ನು ತೆಗೆಯಿರಿ: ಮೊಡವೆ, ಗೀರು, ಸೊಳ್ಳೆ ಕಡಿದ ಗುರುತು. ಮಚ್ಚೆ, ಹಳೆಯ ಗಾಯದ ಕಲೆ ಆ ವ್ಯಕ್ತಿಯ ಸ್ವತ್ತು. ಅವರೇ ಕೇಳದ ಹೊರತು ಮುಟ್ಟಬೇಡಿ.

ಕಣ್ಣಿನ ಕೆಳಗಿನ ಕಪ್ಪು, ಕೆನ್ನೆಯ ಮೇಲಿನ ನೆರಳುಪಟ್ಟೆಗೆ ಹೀಲಿಂಗ್ ಒಗ್ಗದು. ಅದಕ್ಕೆ ಡಾಡ್ಜ್ ಆ್ಯಂಡ್ ಬರ್ನ್. ಶೇ 50ರ ಬೂದು ಬಣ್ಣ ತುಂಬಿದ ಲೇಯರನ್ನು ಸಾಫ್ಟ್ ಲೈಟ್ ಎಂಬ ಬ್ಲೆಂಡ್ ಮೋಡ್‌ಗೆ ಇಟ್ಟರೆ ಆ ಬೂದು ಕಣ್ಣಿಗೆ ಕಾಣುವುದೇ ಇಲ್ಲ. ಅದರ ಮೇಲೆ ಬಿಳಿ ಬ್ರಷ್ ಆಡಿಸಿದಲ್ಲಿ ಚಿತ್ರ ಬೆಳಗುತ್ತದೆ, ಕಪ್ಪು ಆಡಿಸಿದಲ್ಲಿ ಮಂಕಾಗುತ್ತದೆ. ಬ್ರಷ್‌ನ ಫ್ಲೋ ಶೇ 3–5 ದಾಟಬಾರದು. ನಿಧಾನದ ಕೆಲಸ, ಆದರೆ ಒಂದು ರಂಧ್ರವೂ ಅಳಿಯದು. ಬಣ್ಣ–ನವಿರುಗಳನ್ನು ಎರಡು ಲೇಯರ್‌ಗಳಾಗಿ ಬಿಡಿಸುವ ಫ್ರೀಕ್ವೆನ್ಸಿ ಸೆಪರೇಷನ್‌ಗೆ ಹೊಸಬರು ಬೇಗ ಮರುಳಾಗುತ್ತಾರೆ. ಕೈ ಸ್ವಲ್ಪ ಜಾರಿದರೂ ಅದರಲ್ಲಿ ಮತ್ತದೇ ಮೇಣದ ಗೊಂಬೆ. ಮೊದಲು ಡಾಡ್ಜ್ ಆ್ಯಂಡ್ ಬರ್ನ್ ಪಳಗಲಿ.

ಕಣ್ಣಿನ ಬಿಳಿಯನ್ನು ಅಚ್ಚ ಬಿಳಿ ಮಾಡಬೇಡಿ, ಹಲ್ಲಿನ ಹಳದಿಯನ್ನು ತುಸುವೇ ತಗ್ಗಿಸಿ.

ಇನ್ನು ‘ಸ್ವಲ್ಪ ಬೆಳ್ಳಗೆ ಮಾಡಿ’ ಎಂಬ ಬೇಡಿಕೆ. ಎಕ್ಸ್‌ಪೋಶರ್ ಏರಿಸಿದರೆ ಕಪ್ಪು ಮೈಬಣ್ಣ ಬೆಳ್ಳಗಾಗುವುದಿಲ್ಲ, ಬೂದಿ ಬಳಿದಂತಾಗುತ್ತದೆ. ವೈಟ್ ಬ್ಯಾಲೆನ್ಸ್ ಸರಿಪಡಿಸಿ, ಹಣೆ–ಮೂಗಿನ ಜಿಡ್ಡು ಹೊಳಪನ್ನು ಇಳಿಸಿ. ಮುಖ ತನ್ನ ಬಣ್ಣದಲ್ಲೇ ಕಳೆಗಟ್ಟುತ್ತದೆ.

ಪಾಸ್‌ಪೋರ್ಟ್ ಫೋಟೊಗೆ ಮಾತ್ರ ಇದ್ಯಾವುದೂ ಬೇಡ. ಸಾಫ್ಟ್‌ವೇರ್‌ನಲ್ಲಿ ತಿದ್ದಿದ ಮುಖ ಅಲ್ಲಿ ತಿರಸ್ಕೃತವಾಗಬಹುದು.