ಪೇಟಿ ಕೊಳ್ಳುವಾಗ ಉಸಿರು ನೋಡಿ

2009ರ ಬೇಸಿಗೆ ರಜೆ. ಐದನೇ ತರಗತಿ ಮುಗಿಸಿದ ಮಗಳಿಗೆ ಹಾರ್ಮೋನಿಯಂ ಕೊಡಿಸಲೆಂದು ದೊಡ್ಡ ಊರೊಂದರ ಅಂಗಡಿಗೆ ಹೋಗಿದ್ದೆ. ಸಾಲಾಗಿ ಇಟ್ಟಿದ್ದ ಪೇಟಿಗಳ ನಡುವೆ ಒಂದು ಕನ್ನಡಿಯಂತೆ ಮಿಂಚುತ್ತಿತ್ತು. ಮುಂದೆ ಒಂಬತ್ತು ಬಿಳಿ ಸ್ಟಾಪರ್‌ಗಳು, ತಿದಿಯ ಮೇಲೆ ಹೂಬಳ್ಳಿ. ಅರ್ಧ ತಿಂಗಳ ಸಂಬಳ ಎಣಿಸಿ ಕೊಟ್ಟು, ಗೆದ್ದವನಂತೆ ಕೋಗಳಿಗೆ ತಂದೆ.

ಎರಡು ತಿಂಗಳಾಗುವಷ್ಟರಲ್ಲಿ ಹುಡುಗಿ ಹಾಡುವುದನ್ನೇ ಕಡಿಮೆ ಮಾಡಿದಳು. ಕೇಳಿದರೆ, "ನನ್ನ ಗಂಟಲು ಚಲೋ ಇಲ್ಲಪ್ಪ, ಸ್ವರಕ್ಕೆ ಕೂಡಂಗಿಲ್ಲ" ಎಂದಳು. ನಾನೂ ನಂಬಿದೆ. ಒಂದು ದಿನ ಬಯಲಾಟದ ಪೇಟಿ ಮಾಸ್ತರರೊಬ್ಬರು ಮನೆಗೆ ಬಂದವರು, ಒಂದೇ ಮನೆ ಒತ್ತಿ ಹಿಡಿದು, ತಲೆ ವಾಲಿಸಿ ಕೇಳಿ ನಕ್ಕರು. "ಕೂಸಿನ ಗಂಟಲು ಬರೋಬ್ಬರಿ ಐತಿ ಸರ್. ಪೇಟಿ ಸುಳ್ಳು ಹೇಳಾಕ ಹತ್ತೈತಿ."

ಭೌತಶಾಸ್ತ್ರ ಕಲಿಸುವ ನನಗೆ ಅಂದು ಆದ ನಾಚಿಕೆ ಅಷ್ಟಿಷ್ಟಲ್ಲ. ಶಬ್ದದ ಪಾಠವನ್ನು ವರ್ಷ ವರ್ಷ ಮಾಡುವವನು ಅಂಗಡಿಯಲ್ಲಿ ಕಣ್ಣು ಬಳಸಿದ್ದೆನೇ ಹೊರತು ಕಿವಿಯನ್ನಲ್ಲ.

ನಮ್ಮ ಭಾಗದಲ್ಲಿ ಪೇಟಿ ಹೊಸದೇನಲ್ಲ. ಕೂಡ್ಲಿಗಿ, ಕೊಟ್ಟೂರು, ಹಡಗಲಿ ಸುತ್ತಿನ ಹಳ್ಳಿಗಳಲ್ಲಿ ಬಯಲಾಟವಿರಲಿ, ಜಾತ್ರೆಯ ಸಾಮಾಜಿಕ ನಾಟಕವಿರಲಿ, ಪೇಟಿ ಮಾಸ್ತರರಿಲ್ಲದೆ ಪರದೆ ಏಳುವುದಿಲ್ಲ. ತುಂಗಭದ್ರೆ ದಾಟಿ ಗದಗಿಗೆ ಹೋದರೆ ವೀರೇಶ್ವರ ಪುಣ್ಯಾಶ್ರಮ; ಅಲ್ಲಿ ಕಣ್ಣಿಲ್ಲದ ಮಕ್ಕಳಿಗೆ ಸಂಗೀತವನ್ನೇ ಬದುಕಾಗಿಸಿಕೊಟ್ಟ ಪುಟ್ಟರಾಜ ಗವಾಯಿಗಳು (1914–2010) ಸ್ವತಃ ಹಾರ್ಮೋನಿಯಂ ವಾದಕರು. ಆದರೂ ಇದು ಹೊರಗಿನಿಂದ ಬಂದ ವಾದ್ಯ. 1840ರ ದಶಕದ ಪ್ಯಾರಿಸ್ಸಿನಲ್ಲಿ ಹೆಸರು ಪಡೆದದ್ದು, ಕಾಲಿನಿಂದ ತಿದಿ ಒತ್ತುವಂಥದ್ದು. ಅದನ್ನು ನೆಲದಲ್ಲಿ ಕೂತು ಕೈಯಿಂದ ಊದಿಸುವ ಪೆಟ್ಟಿಗೆಯಾಗಿಸಿದ ಕೀರ್ತಿ ಕೋಲ್ಕತ್ತದ ದ್ವಾರಕಾನಾಥ ಘೋಷರದು. ಆಕಾಶವಾಣಿ 1940ರಿಂದ ಮೂರು ದಶಕ ಇದನ್ನು ಹೊರಗಿಟ್ಟಿತ್ತು. ನಮ್ಮ ಹಳ್ಳಿಯ ನಾಟಕದವರು ಮಾತ್ರ ಎಂದೂ ಕೈಬಿಡಲಿಲ್ಲ.

ಪೇಟಿಯೊಳಗೆ ಹಾಡುವುದು ಹಿತ್ತಾಳೆಯ ಸಣ್ಣ ನಾಲಗೆ, ಅಂದರೆ ರೀಡ್. ಗುಜರಾತಿನ ಪಾಲಿತಾಣ ಇದಕ್ಕೆ ಹೆಸರಾದ ಊರು. ರೀಡಿನ ಒಂದು ತುದಿ ಬಿಗಿದಿರುತ್ತದೆ, ಇನ್ನೊಂದು ಬಿಡುವಾಗಿ ತನ್ನದೇ ಸಂದಿಯಲ್ಲಿ ಆಡುತ್ತದೆ. ತಿದಿಯ ಗಾಳಿ ನುಗ್ಗಿದಾಗ ಅದು ಕಂಪಿಸಿ, ಗಾಳಿಯನ್ನು ಸೆಕೆಂಡಿಗೆ ನೂರಾರು ಬಾರಿ ತುಂಡರಿಸುತ್ತದೆ. ನಮಗೆ ಕೇಳುವ ಸ್ವರ ಇದೇ. ಬಿಡುವಾದ ತುದಿಯನ್ನು ಕೊಂಚ ಉಜ್ಜಿದರೆ ಸ್ವರ ಏರುತ್ತದೆ, ಬುಡದಲ್ಲಿ ಉಜ್ಜಿದರೆ ಇಳಿಯುತ್ತದೆ. ಶ್ರುತಿ ಮಾಡುವ ವಿದ್ಯೆಯೆಲ್ಲ ಈ ಕೂದಲೆಳೆಯ ಉಜ್ಜುವಿಕೆಯಲ್ಲಿದೆ.

ಡಬಲ್ ರೀಡ್ ಪೇಟಿಯಲ್ಲಿ ಒಂದು ಮನೆಗೆ ಇಂಥ ಎರಡು ನಾಲಗೆ. ಸಾಮಾನ್ಯವಾಗಿ ಒಂದು ಮಂದ್ರದ್ದು, ಇನ್ನೊಂದು ಅದಕ್ಕಿಂತ ಸರಿಯಾಗಿ ಒಂದು ಸಪ್ತಕ ಮೇಲಿನದು. ಅಂಗಡಿಯವರ ಭಾಷೆಯಲ್ಲಿ 'ಬಾಸ್', 'ಮೇಲ್'. ಹನ್ನೆರಡು ತಂತಿಯ ಗಿಟಾರಿನಲ್ಲಿ ಜೋಡಿ ತಂತಿಗಳು ನಾದ ತುಂಬುವುದೂ ಹೀಗೆಯೇ. ಆದರೆ ಜೋಡಿ ಎಂದ ಮೇಲೆ ಜಗಳವೂ ಉಂಟು. ಮಂದ್ರದ ರೀಡು 260 ಕಂಪನ ಹಾಕಿದರೆ ಮೇಲಿನದು 520 ಹಾಕಬೇಕು. ಅದು 522 ಹಾಕಿತೆನ್ನಿ, ನಾದ ಸೆಕೆಂಡಿಗೆ ಎರಡು ಸಲ 'ವಂವ್ ವಂವ್' ಎಂದು ಅಲೆಯುತ್ತದೆ. ಪಿಯುಸಿಯಲ್ಲಿ ಓದುವ ಬೀಟ್ಸ್ ಎಂದರೆ ಇದೇ. ನಮ್ಮ ಮನೆಯ ಪೇಟಿಯಲ್ಲಿ ಹಲವು ಮನೆಗಳು ಹೀಗೆ ಅಲೆಯುತ್ತಿದ್ದವು. ಪಾಪದ ಹುಡುಗಿ ಯಾವ ಸ್ವರಕ್ಕೆ ಕೂಡಬೇಕು?

ಆದ್ದರಿಂದ ಅಂಗಡಿಯಲ್ಲಿ ಮೊದಲು ಒಂದೇ ಸಾಲಿನ ರೀಡಿಗೆ ಗಾಳಿ ಬಿಡುವ ಸ್ಟಾಪರ್ ಎಳೆಯಿರಿ. ಎಡದಿಂದ ಬಲಕ್ಕೆ ಪ್ರತಿ ಮನೆಯನ್ನೂ, ಕಪ್ಪನ್ನೂ ಬಿಡದೆ, ಒಂದೊಂದಾಗಿ ಒತ್ತಿ. ಗುಸುಗುಸು, ಗರಗರ, ತಡವಾಗಿ ಏಳುವ ಸ್ವರ ಎಲ್ಲಿದೆ ಕೇಳಿ. ಆಮೇಲೆ ಇನ್ನೊಂದು ಸಾಲು. ಕೊನೆಗೆ ಎರಡನ್ನೂ ತೆರೆದು ಅಲೆ ಹುಡುಕಿ. ಬೇಕಾಗುವುದು ಹತ್ತೇ ನಿಮಿಷ. ಅಂಗಡಿಯವ ಮುಖ ಸಿಂಡರಿಸಿದರೆ ಸಿಂಡರಿಸಲಿ. ಅವನು ತಾನೇ ರಾಗ ನುಡಿಸಿ ತೋರಿಸಲು ಹೊರಟರೆ ಬೇಡವೆನ್ನಿ. ವೇಗದ ಕೈಯಲ್ಲಿ ದೋಷ ಅಡಗುತ್ತದೆ.

ಇಲ್ಲಿ ನನ್ನದೊಂದು ತಪ್ಪನ್ನೂ ಹೇಳಿಬಿಡಬೇಕು. ಬುದ್ಧಿ ಬಂದ ಹುರುಪಿನಲ್ಲಿ ಒಮ್ಮೆ ಶಾಲೆಯ ಪ್ರಯೋಗಾಲಯದ 256ರ ಶ್ರುತಿಕವೆಯನ್ನು ಜೇಬಿನಲ್ಲಿಟ್ಟುಕೊಂಡು ಪೇಟಿ ಪರೀಕ್ಷೆಗೆ ಹೋದೆ. ಒಳ್ಳೆಯ ಪೇಟಿಯೂ ಅದರೊಡನೆ ಸೆಕೆಂಡಿಗೆ ಐದಾರು ಬಾರಿ ಅಲೆಯಿತು! ಪಠ್ಯದ ಕವೆ 256 ಆದರೆ, ಈಗಿನ ವಾದ್ಯಗಳಲ್ಲಿ ಅದೇ 'ಸಿ' ಸ್ವರ ಸುಮಾರು 261.6. ತಪ್ಪು ಪೇಟಿಯದಲ್ಲ, ಮಾಸ್ತರನದು.

ಎರಡನೆಯದು ಉಸಿರು. ತಿದಿಯನ್ನು ಪೂರ್ತಿ ಊದಿಸಿ ಕೈ ಬಿಡಿ, ಒಂದೇ ಮನೆ ಒತ್ತಿ ಸ್ವರ ಎಷ್ಟು ಹೊತ್ತು ನಿಲ್ಲುವುದೆಂದು ಎಣಿಸಿ. ಎರಡು ಮೂರು ಪೇಟಿಗಳಲ್ಲಿ ಹೀಗೆ ಎಣಿಸಿದರೆ ವ್ಯತ್ಯಾಸ ತಾನಾಗಿ ತಿಳಿಯುತ್ತದೆ. ಯಾವ ಮನೆಯನ್ನೂ ಒತ್ತದೆ ಗಾಳಿ ಹಾಕಿದಾಗ ಸುಂಯ್ ಎಂದರೆ ಅಥವಾ ಸ್ವರವೊಂದು ತಾನೇ ಕೂಗಿದರೆ ಆ ಪೇಟಿ ಬೇಡ. ಸೋರುವ ಪೇಟಿಗೆ ಗಾಳಿ ತುಂಬುವುದರಲ್ಲೇ ಮಗುವಿನ ಎಡಗೈ ಸೋಲುತ್ತದೆ.

ಸ್ಟಾಪರ್‌ಗಳ ಸಂಖ್ಯೆಗೆ ಮರುಳಾಗಬೇಡಿ. ಕೆಲವು ಗಾಳಿ ಬಿಡುತ್ತವೆ, ಕೆಲವು ಒಂದೇ ಸ್ವರವನ್ನು ಶ್ರುತಿಯಾಗಿ ಹಿಡಿಯುತ್ತವೆ, ಕೆಲವು ಅಂದಕ್ಕಷ್ಟೇ. ಕಪ್ಲರ್ ಕಲಿಯುವವರಿಗೆ ಬೇಕಿಲ್ಲ. ಸ್ಕೇಲ್ ಚೇಂಜರ್ ಅಂತೂ ಬೇಡವೇ ಬೇಡ. ತೂಕ ಹೆಚ್ಚು, ಬೆಲೆ ಹೆಚ್ಚು, ಕೆಡುವ ಜಾಗವೂ ಹೆಚ್ಚು. ಹುಡುಗರು ಕರಿ ಒಂದರಿಂದಲೂ ಬಿಳಿ ನಾಲ್ಕರಿಂದಲೂ ಷಡ್ಜ ಹಿಡಿದು ನುಡಿಸಲು ಕಲಿಯಲಿ, ಬೆರಳು ಪಳಗುತ್ತದೆ. ಮೂರೂವರೆ ಸಪ್ತಕ, 42 ಮನೆ ಇದ್ದರೆ ಧಾರಾಳವಾಯಿತು. ಡಬಲ್ ರೀಡಿಗೆ ಕೈ ಎಟುಕದಿದ್ದರೆ ಶ್ರುತಿ ಗಟ್ಟಿಯಿರುವ ಸಿಂಗಲ್ ರೀಡೇ ಮೇಲು.

ಮನೆಗೆ ತಂದ ಮೇಲೆ ಮಳೆಗಾಲದ ತೇವ ಮತ್ತು ಇಲಿ, ಇವೆರಡೇ ಶತ್ರು. ರೀಡಿಗೆ ಎಣ್ಣೆ ಹಾಕುವ ಉಪಕಾರ ಯಾರೂ ಮಾಡಬೇಡಿ.

ನಮ್ಮ ಪೇಟಿಯನ್ನು ಆ ಮಾಸ್ತರರು ಎರಡು ದಿನ ಕೂತು ಸರಿ ಮಾಡಿದರು. ಮಗಳು ಮತ್ತೆ ಧೈರ್ಯವಾಗಿ ಬಾಯಿ ಬಿಡಲು ಮಾತ್ರ ಒಂದು ವರ್ಷವೇ ಹಿಡಿಯಿತು.

ಕಳೆದ ವರ್ಷ ಕೂಡ್ಲಿಗಿ ಕಡೆಯ ಪಾಲಕರೊಬ್ಬರು, ಮೆಕ್ಕೆಜೋಳ ಮಾರಿದ ಹಣದಲ್ಲಿ ಎಂಟು ಸಾವಿರ ಹಿಡಿದುಕೊಂಡು ಬಂದರು. ಒಳ್ಳೆಯ ಹೊಸ ಡಬಲ್ ರೀಡಿಗೆ ಅದು ಸಾಲದು. ಇಬ್ಬರೂ ಹುಡುಕಿ, ನಾಟಕ ಬಿಟ್ಟವರ ಮನೆಯ ಅಟ್ಟದಿಂದ ಹಳೆಯದೊಂದನ್ನು ಇಳಿಸಿದೆವು. ಪಾಲಿಶ್ ಹೋಗಿತ್ತು, ಬಿಳಿ ಮನೆಗಳು ಹಳದಿಯಾಗಿದ್ದವು, ಎರಡು ರೀಡು ಧೂಳಿನಿಂದ ಮೂಕವಾಗಿದ್ದವು. ಅವರ ಮಗಳೇ ಪ್ರತಿ ಮನೆ ಒತ್ತಿ ಕೇಳಿ, ಉಸಿರು ಎಣಿಸಿ, "ಇದೇ ಇರಲಿ" ಎಂದಳು. ರಿಪೇರಿ ಸೇರಿ ಆರು ಸಾವಿರದೊಳಗೆ ಮುಗಿಯಿತು. ಪೇಟಿಯನ್ನು ಡಿಕ್ಕಿಗೆ ಹಾಕಿ ಎಂದ ಕಂಡಕ್ಟರಿಗೆ ಅಪ್ಪ ಜಪ್ಪಯ್ಯ ಎನ್ನಲಿಲ್ಲ. ಲಗೇಜ್ ಟಿಕೆಟ್ ತೆಗೆಸಿ, ಮಡಿಲಲ್ಲೇ ಇಟ್ಟುಕೊಂಡು ಊರಿಗೆ ಹೋದರು.